ಎಲ್ಲೂ ನಿಲ್ಲದ ಗಾಡಿ

ಪ್ರವಾಸ ಹೊರಡುವ ದಿನ ಅನಸವ್ವ ಚಹಾ ಕೂಡ ಕುಡಿಯಲಿಲ್ಲ. ನಸುಕಿನಲ್ಲೇ ಎದ್ದು ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿದಳು, ಮನೆಮಂದಿಗೆಲ್ಲ ಚಹಾ ಕೊಟ್ಟಳು, ತನ್ನ ಪಾಲಿನದನ್ನು ಮಾತ್ರ ಬಚ್ಚಲಿಗೆ ಸುರಿದಳು. ಹಿಂದಿನ ಸಂಜೆಯಿಂದ ಅವಳ ಗಂಟಲಿಗೆ ಇಳಿದದ್ದು ಅರ್ಧ ಲೋಟ ನೀರು.

"ಆಯಿ, ಚಾ ಕುಡಿದ್ಯಾ?" ಎಂದು ಮೊಮ್ಮಗಳು ಐಶ್ವರ್ಯ ಕೇಳಿದಳು.

"ಹೂಂ, ಆತಲ್ಲ" ಎಂದು ಅಜ್ಜಿ ಸುಳ್ಳು ಹೇಳಿದಳು.

ಐಶ್ವರ್ಯ ಮುಧೋಳದ ಒಂದು ಬ್ಯಾಂಕಿನಲ್ಲಿ ನೌಕರಿ ಮಾಡುವವಳು. ತೇರದಾಳದ ತಮ್ಮ ಓಣಿಯ ಹಿರಿಯರಿಗೆಲ್ಲ ದಾಂಡೇಲಿಯ ಕಾಡು, ಹಿನ್ನೀರು ತೋರಿಸುತ್ತೇನೆಂದು ತಿಂಗಳಿಂದ ಓಡಾಡಿ ಟೆಂಪೊ ಟ್ರಾವೆಲರ್ ಗೊತ್ತು ಮಾಡಿದ್ದಳು. ಆರು ಗಂಡಸರು, ಅವಳೂ ಸೇರಿ ಏಳು ಹೆಣ್ಣುಮಕ್ಕಳು. ಮೊಣಕಾಲು ನೋವೆಂದು ಮೂರು ವರ್ಷದಿಂದ ಊರು ಬಿಟ್ಟು ಕದಲದ ಅನಸವ್ವ, ಮೊಮ್ಮಗಳ ಮುಖ ನೋಡಿ ಈ ಸಲ ಇಲ್ಲವೆನ್ನಲಾರದೆ ಹೋದಳು.

ಮೊಣಕಾಲಿಗೆ ಏನೂ ಆಗಿರಲಿಲ್ಲ. ಮೂರು ವರ್ಷದ ಹಿಂದೆ ಮದುವೆಯ ಬಸ್ಸಿನಲ್ಲಿ ಹೋಗುವಾಗ, ಒಂದು ಗಳಿಗೆ ನಿಲ್ಲಿಸಲು ಹೇಳಿರೆಂದು ಗಂಡ ಚನಮಲ್ಲಪ್ಪನ ಕಿವಿಯಲ್ಲಿ ಪಿಸುಗುಟ್ಟಿದ್ದಳು. ಚನಮಲ್ಲಪ್ಪನಿಗೆ ಪಿಸುಮಾತು ಗೊತ್ತಿಲ್ಲ. "ಹೆಣ್ಮಕ್ಕಳನ್ನ ಕಟಗೊಂಡ ಹೊಂಟ್ರ ಹೆಜ್ಜಿಗೊಮ್ಮೆ ನಿಂದ್ರಬೇಕ ನೋಡ್ರಿ!" ಎಂದು ಇಡೀ ಬಸ್ಸಿಗೆ ಕೇಳುವಂತೆ ಅಂದ. ಎಲ್ಲರೂ ನಕ್ಕರು, ಬಸ್ಸು ಮಾತ್ರ ನಿಲ್ಲಲಿಲ್ಲ. ಕಲ್ಯಾಣ ಮಂಟಪದ ಮುಂದೆ ಇಳಿಯುವಾಗ ಅವಳ ಇಳಕಲ್ ಸೀರೆ ಹಿಂದಿನಿಂದ ಒದ್ದೆಯಾಗಿತ್ತು. ನೀರಿನ ಬಾಟಲಿ ಚೆಲ್ಲಿತು ಎಂದಳು. ಗಂಡ ಅದಕ್ಕೂ ಬೈದ.

ನಾಲ್ಕು ಹೆರಿಗೆ ಕಂಡ ಮೈ. ಕೆಮ್ಮಿದರೂ ನಕ್ಕರೂ ಹಿಡಿತ ತಪ್ಪುತ್ತಿತ್ತು. ಡಾಕ್ಟರಿಗೆ ಹೇಳಲು ನಾಚಿಕೆ, ಮಕ್ಕಳಿಗೆ ಹೇಳಲು ಸಂಕೋಚ. ಅಷ್ಟಕ್ಕೇ ಒಬ್ಬ ಹೆಂಗಸು ಮೂರು ವರ್ಷ ಮನೆಯಲ್ಲೇ ಸೆರೆಯಾಗಿ ಕೂತಳೆಂದರೆ ನಂಬುವವರು ಯಾರು?

ಆರು ತಾಸಿನ ದಾರಿಯಲ್ಲಿ ಡ್ರೈವರ್ ಸಂಜು ಎರಡು ಸಲ ಗಾಡಿ ನಿಲ್ಲಿಸಿದ. ಎರಡೂ ಸಲ ಗಂಡಸರು ಇಳಿದು ಜಾಲಿಕಂಟಿಗಳ ಮರೆಗೆ ಹೋಗಿ ಬಂದರು. ಹೆಂಗಸರು ಕಿಟಕಿಯಿಂದ ಬೇರೆ ಕಡೆ ನೋಡುತ್ತ ಕುಳಿತರು. ಹಿನ್ನೀರು ತಲುಪಿದಾಗ ದಂಡೆಯ ಮೇಲೆ ಹೆಂಗಸರ ಪಾಯಖಾನೆ ಕಂಡಿತು. ಮುಂದೆ ಉದ್ದ ಸಾಲು. ಅನಸವ್ವ ಅತ್ತ ಎರಡು ಹೆಜ್ಜೆ ಇಟ್ಟಿದ್ದಳಷ್ಟೆ.

"ಏ, ಎತ್ತಾಗ ಹೊಂಟಿ? ಬೋಟ್ ಬಿಡಾಕತ್ತಾರ!" ಎಂದು ಚನಮಲ್ಲಪ್ಪ ಕೂಗಿದ.

ಬೋಟಿನವನು ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿ, ಪಟ್ಟಿಯನ್ನು ಹೊಟ್ಟೆಯ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ. ಬೋಟು ಹೊರಟಿತು. ದಂಡೆ ಸಣ್ಣದಾಗುತ್ತ ಹೋಯಿತು. ಇನ್ನು ಒಂದು ತಾಸು ಎಲ್ಲಿಗೂ ಹೋಗುವಂತಿಲ್ಲ ಎಂದು ಅನಸವ್ವನಿಗೆ ಆಗ ತಿಳಿಯಿತು.

ತಲೆಯ ಮೇಲೆ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಗಳೆರಡು ಬುಸಬುಸ ರೆಕ್ಕೆ ಬಡಿಯುತ್ತ ಹಾರಿದವು. "ಗಂಡ ಹೇಂತಿ ಕೂಡೇ ಹೊಂಟಾವ ನೋಡ್ರಿ" ಎಂದು ಪಕ್ಕದ ಮನೆಯ ಮುದಕವ್ವ ನಕ್ಕಳು. ಅನಸವ್ವ ನಗಲಿಲ್ಲ. ನಕ್ಕರೆ ಕೆಟ್ಟಿತು. ನಡುನೀರಿನಲ್ಲಿ ಬೋಟಿನವನು ಎಂಜಿನ್ ಬಂದ್ ಮಾಡಿ ಬಂಡೆಗಳ ಕಡೆ ಬೆರಳು ತೋರಿಸಿದ. ನೀರುನಾಯಿಗಳ ಸಂಸಾರವೊಂದು ಮೀನಿಗಾಗಿ ಕಿತ್ತಾಡುತ್ತಿತ್ತು. ಎಲ್ಲರೂ ಫೋನ್ ಎತ್ತಿದರು. ಬೋಟಿನ ಅಡಿಗೆ ನೀರು ಚುಳುಚುಳು ಎನ್ನುತ್ತ ಬಡಿಯುತ್ತಿತ್ತು. ಆ ಸಪ್ಪಳ ಅವಳ ಜೀವ ಹಿಂಡಿತು.

"ನೋಡಬೇ, ಹೆಂಗ ಆಡಾಕತ್ತಾವ!" ಎಂದು ಗಂಡ ತಿರುಗಿದ.

"ನನಗ ತಡಿಯಾಕ ಆಗವಲ್ದುರೀ" ಎಂದಳು ಅನಸವ್ವ.

"ಈಗೇನ್..." ಎಂದು ಶುರು ಮಾಡಿದವನು ಅವಳ ಮುಖ ನೋಡಿ ನಿಲ್ಲಿಸಿದ. ಕಣ್ಣು ತುಂಬಿದ್ದವು. ಅವನು ಅವಳ ಹತ್ತಿರ ಸರಿದ. ನಂತರ, ಜೀವಮಾನದಲ್ಲಿ ಮೊದಲ ಸಲವೇನೋ, ಪಿಸುಗುಟ್ಟಿದ: "ಅವತ್ತ ಮದುವ್ಯಾಗೂ ಬಾಟಲಿ ಚೆಲ್ಲಿರ್ಲಿಲ್ಲೇನು?"

ಅನಸವ್ವ ಇಲ್ಲವೆಂದು ತಲೆಯಾಡಿಸಿದಳು.

ಚನಮಲ್ಲಪ್ಪ ಎದ್ದು ನಿಂತ. ಬೋಟು ಹೊಯ್ದಾಡಿತು. "ಏ ತಮ್ಮಾ, ಹೊಳ್ಳಿ ತಗೋ! ನನಗ ಜೋರ ಒಂದಕ್ಕ ಬಂದೈತಿ."

"ಅಜ್ಜಾರ, ಇನ್ನೂ ಅರ್ಧಾ ತಾಸ ಐತ್ರಿ."

"ಅರ್ಧಾ ತಾಸ ತಡದ್ರ ನಿನ್ನ ಬೋಟ್ ನೀ ತೊಳಕೋಬೇಕಾಗತೈತಿ."

ನಗೆಯೋ ನಗೆ. "ಚನಮಲ್ಲಪ್ಪಾ, ಕೂಸಾಗಿಯೇನೋ?" ಎಂದು ಗೆಳೆಯರು ಕಾಡಿದರು. ನಾಲ್ಕು ಜನರ ನಡುವೆ ಯಾರೂ ಎದುರು ಮಾತಾಡದ ಹಿರಿಯ, ಕಿವಿಯವರೆಗೆ ಕೆಂಪಗಾಗಿ, ದಂಡೆ ಬರುವ ತನಕ ಆ ನಗೆಯನ್ನೆಲ್ಲ ತಿಂದ. ದಂಡೆಯಲ್ಲಿ ಸಾಲು ಕರಗಿತ್ತು. ಹೆಂಡತಿಯ ಕೈ ಹಿಡಿದು ಅಲ್ಲಿಯವರೆಗೆ ಬಿಟ್ಟು ಬಂದ. ಅವಳು ಹೇಗೋ ಮುಟ್ಟಿದಳು.

ಹೊರಗೆ ಬಂದಾಗ ಅವನು ಅಲ್ಲೇ ನಿಂತಿದ್ದ.

"ನಮ್ಮವ್ವ ದಿನಪೂರ್ತಿ ತಡಕೋತಿದ್ಲು. ಹೆಣ್ಮಕ್ಕಳಿಗೆ ಅದು ರೂಢಿ ಅಂತ ತಿಳದಿದ್ದೆ" ಎಂದ. "ಮೂರ ವರ್ಷ ಆತಲ್ಲಬೇ. ನನಗರೇ ಹೇಳಬಾರದಾ?"

"ನಿಮಗ ಹೇಳಿದ್ದೆನಲ್ರಿ, ಬಸ್ಸಿನ್ಯಾಗ."

ಅವಳಿಗೆ ಉತ್ತರ ಬೇಕಿರಲಿಲ್ಲ. ಮೂರು ವರ್ಷದ ಸಿಟ್ಟು ಒಂದೇ ಮಾತಿನಲ್ಲಿ ಇಳಿದು ಎದೆ ಹಗುರವಾಗಿತ್ತು.

ರಾತ್ರಿ ಅಲ್ಲೇ ಉಳಿದು, ಮರುದಿನ ಮುಂಜಾನೆಯೇ ಮರಳಿ ಹೊರಟರು. ಯರಗಟ್ಟಿ ದಾಟಿತು. ಗಾಡಿಯಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ಅನಸವ್ವನಿಗೆ ಮತ್ತೆ ಹೊಟ್ಟೆಯ ಕೆಳಗೆ ಬಿಗಿಯಿತು. ಗಂಡನ ಕಡೆ ನೋಡಿದಳು. ಈ ಸಲವೂ ಅವನು ತನ್ನ ಹೆಸರಿನಲ್ಲೇ ಕೇಳಬಹುದಿತ್ತು. ಆದರೆ ಎಷ್ಟು ದಿನ ಅವನ ಹೆಸರಿನ ಮರೆ? ಅವಳು ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಸಂಜು, ಗಾಡಿ ನಿಂದ್ರಸ್ಪಾ. ನನಗ ಒಂದಕ್ಕ ಹೋಗೂದೈತಿ."

ತೂಕಡಿಸುತ್ತಿದ್ದವರು ಕಣ್ಣು ಬಿಟ್ಟರು.

"ಮುಂದ ಲೋಕಾಪುರದಾಗ ನಿಂದ್ರಸ್ತೇನ್ರಿ ಆಯಿ, ಲೇಟ್ ಆಗತೈತಿ" ಎಂದ ಸಂಜು.

"ಲೋಕಾಪುರ ಎಲ್ಲಿಗೂ ಓಡಿ ಹೋಗೂದಿಲ್ಲ. ಅಲ್ಲಿ ಪೆಟ್ರೋಲ್ ಪಂಪ್ ಐತಿ, ಒಳಗ ತಗೋ" ಎಂದ ಚನಮಲ್ಲಪ್ಪ.

ಹೆಂಗಸರ ಪಾಯಖಾನೆಯ ಬಾಗಿಲಿಗೆ ಬೀಗ. ಚನಮಲ್ಲಪ್ಪನೇ ಇಳಿದು ಪಂಪಿನವರ ಹತ್ತಿರ ಹೋಗಿ, ಜಗಳಾಡಿ, ಕೀಲಿ ತಂದು ತೆಗೆದ. ಅನಸವ್ವ ಗಾಡಿಯ ಮೆಟ್ಟಿಲಿಳಿಯುವಾಗ ಹಿಂದಿನಿಂದ ಮುದಕವ್ವನ ದನಿ ಕೇಳಿತು: "ತಡೀಬೇ, ನಾನೂ ಬರ್ತೇನಿ." ಅವಳ ಹಿಂದೆ ಇನ್ನೊಬ್ಬಳು ಎದ್ದಳು. ಆಮೇಲೆ ಮತ್ತಿಬ್ಬರು, ಅವರ ಮಗ್ಗುಲಲ್ಲಿದ್ದವಳೂ. ಎಲ್ಲರಿಗಿಂತ ಕೊನೆಗೆ, ಪ್ರವಾಸದ ಪ್ರತಿಯೊಂದನ್ನೂ ತಾನೇ ಗೊತ್ತು ಮಾಡಿದ್ದ ಐಶ್ವರ್ಯ ಇಳಿದು ಬಂದು ಅಜ್ಜಿಯ ಹಿಂದೆ ನಿಂತಳು.

"ನಿನಗೂನಾ?" ಎಂದಳು ಅನಸವ್ವ.

"ಮುಂಜಾನಿಂದ, ಆಯಿ."

ಗಾಡಿಯಲ್ಲಿ ಈಗ ಒಬ್ಬ ಹೆಣ್ಣುಮಗಳೂ ಉಳಿದಿರಲಿಲ್ಲ. ಗಂಡಸರು ಕಿಟಕಿಗಳಿಂದ ಆ ಸಾಲನ್ನು ನೋಡುತ್ತ ಕುಳಿತಿದ್ದರು.