ಎಳ್ಳಮವಾಸ್ಯೆಯ ಶೂಟಿಂಗ್

ನಮ್ಮ ಸಿನಿಮಾದಲ್ಲಿ ಸಬಾ ಮೂರು ದಿನದಿಂದ ಅನ್ನ ನೀರು ಬಿಟ್ಟವಳು. ಗೆಳತಿ ಟೂ ಬಿಟ್ಟಳೆಂಬ ದುಃಖ. ಹೈಸ್ಕೂಲ್ ಗೆಳೆತನದ ಕಾಮಿಡಿ ಎಂದ ಮೇಲೆ ಇಂಥದ್ದೊಂದು ದೃಶ್ಯ ಬೇಕೇ ಬೇಕು ಎಂದು ಹಟ ಹಿಡಿದವಳು ನಾನೇ. ಕಥೆ, ನಿರ್ದೇಶನ, ಟೂ ಬಿಟ್ಟ ಗೆಳತಿಯ ಪಾತ್ರ, ಎಲ್ಲವೂ ಕಮಲಾಪುರದ ಹತ್ತನೇ ತರಗತಿಯ ಅಂಬಿಕಾ, ಅಂದರೆ ನಾನು. ಕ್ಯಾಮೆರಾ ಮಾತ್ರ ನಮ್ಮ ಕ್ಲಾಸಿನ ಮಲ್ಲುವಿನದು, ಏಕೆಂದರೆ ಒಳ್ಳೆಯ ಮೊಬೈಲ್ ಅವರ ಮನೆಯಲ್ಲಿತ್ತು.

ಶಾಲೆಯ ಬೀಳ್ಕೊಡುಗೆಯ ದಿನ ತೋರಿಸುವ ಸಿನಿಮಾ ಅದು. ಅರ್ಧ ಭಾಗ ಬೇಸಿಗೆ ರಜೆಯಲ್ಲೇ ಮುಗಿದಿತ್ತು. ಜೂನಿನಲ್ಲಿ ಸಬಾಳ ಅಪ್ಪನಿಗೆ ಕಲಬುರಗಿಗೆ ವರ್ಗವಾಯಿತು. ಮನೆ ಖೂಬಾ ಪ್ಲಾಟಿನಲ್ಲಿ, ಹೊಸ ಶಾಲೆ ಸೇಡಂ ರಸ್ತೆಯಲ್ಲಿ. ಮೊದಲು ದಿನಾ ಫೋನು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಬರೀ ಹೆಬ್ಬೆರಳಿನ ಚಿತ್ರ. ಹೊಸ ಗೆಳತಿಯರು ಸಿಕ್ಕು ನನ್ನನ್ನು ಮರೆತಳೆಂದು ಒಳಗೊಳಗೇ ಉರಿಯುತ್ತಿದ್ದೆ. ನಿಜ ಹೇಳಬೇಕೆಂದರೆ ಸಿನಿಮಾ ಒಂದು ನೆಪ. ಅವಳು ಇನ್ನೂ ನನ್ನ ಗೆಳತಿಯೇ ಎಂದು ಗೊತ್ತಾಗಬೇಕಿತ್ತು. ಅದನ್ನು ಬಾಯಿಬಿಟ್ಟು ಕೇಳದೆ, ‘ಶೂಟಿಂಗ್ ಐತಿ, ಬಾ’ ಎಂದಷ್ಟೇ ಮೆಸೇಜ್ ಹಾಕಿದೆ.

ಎಲ್ಲರಿಗೂ ಬಿಡುವು ಸಿಕ್ಕಿದ್ದು ಎಳ್ಳಮವಾಸ್ಯೆಗೆ. ಅಲ್ಲೇ ನಾನು ಎಡವಿದ್ದು. ಅಂದು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲದಲ್ಲಿರುತ್ತದೆ. ದಾರಿಹೋಕರನ್ನೂ ಕರೆದು ಉಣಿಸದೆ ಬಿಡುವುದಿಲ್ಲ. ಬಸ್ ಇಳಿದು ನಮ್ಮ ಹೊಲ ಮುಟ್ಟಲು ಸಬಾ ನಾಲ್ಕು ಹೊಲ ದಾಟಬೇಕಿತ್ತು.

“ಯಾರ ಮಗಳವ್ವಾ ನೀ? ಹಂಗೇ ಹೊಂಟ್ಯಲ್ಲ, ಬಾ, ಉಣ್ಣು,” ಎಂದು ಮೊದಲ ಹೊಲದ ಸಾಬಮ್ಮ ಕೈಹಿಡಿದು ಕೂರಿಸಿದಳಂತೆ. ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ. ಎರಡನೆಯದರಲ್ಲಿ ಶೇಂಗಾ ಹೋಳಿಗೆ. ಮೂರನೆಯದರಲ್ಲಿ ಮತ್ತೆ ಭಜ್ಜಿ. ನಾಲ್ಕನೆಯದರಲ್ಲಿ ಏನಿತ್ತೆಂದು ಹೇಳಲು ಅವಳಿಗೆ ಉಸಿರಿರಲಿಲ್ಲ.

ಮೂರು ದಿನದ ಉಪವಾಸಗಿತ್ತಿ ಹೊಟ್ಟೆ ಹಿಡಿದುಕೊಂಡು ತೊಗರಿ ಸಾಲಿನ ನಡುವೆ ನಿಂತಳು. ಮಲ್ಲು ಮೊಬೈಲ್ ಎತ್ತಿದ.

“ಹಸದು ಸಾಯ್ಲಾಕತ್ತೀನಿ...” ಎಂದವಳು ಡರ್ರನೆ ತೇಗಿದಳು.

ಏಳು ಸಲ ತೆಗೆದೆವು, ಏಳು ಸಲವೂ ತೇಗು. ಸಬಾ ನಕ್ಕೂ ನಕ್ಕೂ ಬದುವಿನ ಮೇಲೆ ಕುಸಿದಳು. ಮಲ್ಲುವಿನ ನಗುವಿಗೆ ಮೊಬೈಲೂ ಕುಣಿಯುತ್ತಿತ್ತು. ನನಗೆ ಪಿತ್ತ ನೆತ್ತಿಗೇರಿತು.

“ಒಲ್ಲೆ ಅನ್ಲಾಕ ಬಾಯಿ ಇಲ್ಲೇನ ನಿಂಗ? ಸಿಟಿ ಗೆಳತ್ಯಾರು ಸಿಕ್ಕಾರಲ್ಲ, ನಮ್ಮ ಸಿನಿಮಾ ಯಾಕ ಬೇಕು!”

ಸಬಾಳ ನಗು ನಿಂತಿತು. “ಯಾವ ಗೆಳತ್ಯಾರು? ಏಳು ತಿಂಗಳಾತು, ಹೊಸ ಸಾಲ್ಯಾಗ ಒಬ್ಬಾಕಿನೇ ಕೂತು ಡಬ್ಬಿ ಉಣ್ತೀನಿ. ಇವತ್ತ ನಾಕ್ ಹೊಲದಾಗಿನ ಮಂದಿ ಬಾ, ಉಣ್ಣು ಅಂದ್ರು. ಹ್ಯಾಂಗ ಒಲ್ಲೆ ಅನ್ಲಿ?” ನನ್ನ ಕಡೆ ತಿರುಗಿ, “ಬಾ, ಉಣ್ಣು ಅನ್ಲಾರ್ದೆ ಬರೇ ಶೂಟಿಂಗ್ ಐತಿ ಬಾ ಅಂದಾಕಿ ನೀ ಒಬ್ಬಾಕಿನೇ,” ಎಂದಳು.

ನನಗೆ ನಾಚಿಕೆಯಾಯಿತು. ಏಳು ತಿಂಗಳು ನನ್ನ ಸಿಟ್ಟನ್ನೇ ಸಾಕಿಕೊಂಡಿದ್ದೆನೇ ಹೊರತು, ಅವಳು ಹೇಗಿದ್ದಾಳೆಂದು ಒಮ್ಮೆಯೂ ಕೇಳಿರಲಿಲ್ಲ. ಅವ್ವ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದೆ, ಹೋಳಿಗೆ ಮುರಿದು ಅವಳ ಬಾಯಿಯ ಹತ್ತಿರ ಹಿಡಿದೆ.

“ತಪ್ಪಾತು ನಂದು. ಉಣ್ಣು ಬಾ.”

ಸಬಾ ಹೋಳಿಗೆ ನೋಡಿದಳು, ತನ್ನ ಹೊಟ್ಟೆ ನೋಡಿಕೊಂಡಳು, ಆಮೇಲೆ ಬಾಯಿ ತೆರೆದಳು.

“ಕಟ್ ಮಾಡ್ಲೇನ?” ಎಂದ ಮಲ್ಲು.

“ತಡಿಯೋ,” ಎಂದಳು ಸಬಾ, ಬಾಯಿ ತುಂಬ ಹೋಳಿಗೆ ಇಟ್ಟುಕೊಂಡೇ. “ಇನ್ನೊಂದ್ ತುತ್ತು ಹಾಕ್ಲಿ ಆಕಿ.”