ಬರೆದವರೇ ಅಳಿಸಬೇಕು

ತೀವ್ರ ನಿಗಾ ಘಟಕದ ಹಿರಿಯ ವೈದ್ಯೆಗೆ ಹೊಸ ಡಾಕ್ಟರನ್ನು ಕಂಡರೆ ಹೊಟ್ಟೆಕಿಚ್ಚು. ಅವನು ಬಂದು ಎಂಟು ತಿಂಗಳಾಗಿತ್ತಷ್ಟೇ; ಇವರು ಇಪ್ಪತ್ತೆರಡು ವರ್ಷ ಅಲ್ಲೇ ಸವೆದವರು. ಆದರೂ ನರ್ಸುಗಳು ಈಗ ಮೊದಲು ಅವನತ್ತ ಕತ್ತು ತಿರುಗಿಸುತ್ತಿದ್ದರು. ಸ್ಕ್ಯಾನ್ ಯಂತ್ರ ತಳ್ಳಿಕೊಂಡು ಎಲ್ಲರ ಎದೆಯೊಳಗೆ ಇಣುಕುವ ಅವನಿಗೆ ‘ದುರ್ಬೀನು’ ಎಂದು ಅಡ್ಡಹೆಸರಿಟ್ಟವರೂ ಆ ನರ್ಸುಗಳೇ. ಇಷ್ಟು ವರ್ಷದಲ್ಲಿ ತನಗೊಂದು ಅಡ್ಡಹೆಸರನ್ನೂ ಯಾರೂ ಇಟ್ಟಿಲ್ಲವಲ್ಲ ಎಂದು ವೈದ್ಯೆಗೆ ಒಳಗೊಳಗೇ ಚುಚ್ಚುತ್ತಿತ್ತು.

ಮೂರನೇ ಹಾಸಿಗೆಯಲ್ಲಿ ಒಬ್ಬ ಬಡಗಿ. ಅಂಗೈಗೆ ಹೊಕ್ಕ ಮೊಳೆಯ ಗಾಯ ಕೀವುಗಟ್ಟಿ, ಸೋಂಕು ರಕ್ತಕ್ಕಿಳಿದು, ರಕ್ತದೊತ್ತಡ ಕುಸಿದಿತ್ತು. ಆಂಟಿಬಯಾಟಿಕ್ ಜೊತೆಗೆ ಒತ್ತಡ ಏರಿಸುವ ಔಷಧಿಯೂ ಹೋಗುತ್ತಿತ್ತು. ಬೆಳಗ್ಗೆ ಹಿರಿಯ ವೈದ್ಯೆ ಹಾಸಿಗೆಯ ತಲೆಗಡೆಯ ಬಿಳಿ ಹಲಗೆಯಲ್ಲಿ ‘ಸಲೈನ್, ಇನ್ನೂ ಎರಡು ಬಾಟಲಿ’ ಎಂದು ಬರೆದಿದ್ದರು. ಬರೆದವರೇ ಅಳಿಸಬೇಕು ಎಂಬುದು ಅಲ್ಲಿನ ಕಟ್ಟಳೆ. ಗೊಂದಲವಾಗಬಾರದೆಂದು ಅದನ್ನು ಜಾರಿಗೆ ತಂದು, ಚೀಟಿ ಬರೆದು ಗೋಡೆಗೆ ಅಂಟಿಸಿದವರೂ ಇವರೇ.

ಹನ್ನೊಂದರ ಹೊತ್ತಿಗೆ ದುರ್ಬೀನು ಬಂದು ಮೆಲ್ಲಗೆ ಹೇಳಿದ. “ಮೇಡಂ, ಬಡಗಿಯ ಹೃದಯ ಸರಿಯಾಗಿ ಹಿಂಡ್ತಾ ಇಲ್ಲ, ಸೋಂಕಿಗೆ ಸೋತುಹೋಗಿದೆ. ಇನ್ನೂ ಸಲೈನ್ ಕೊಟ್ರೆ ಶ್ವಾಸಕೋಶಕ್ಕೆ ನೀರು ತುಂಬುತ್ತೆ. ನೀವೊಮ್ಮೆ ನೋಡಿ ಆ ಸಾಲು ಅಳಿಸ್ತೀರಾ?”

ನೋಡೋಣ ಎಂದರು, ಕೈಲಿದ್ದ ಕಡತದಿಂದ ಕಣ್ಣೆತ್ತದೆ. ಕಡತದಲ್ಲಿ ಓದುವಂಥದ್ದೇನೂ ಇರಲಿಲ್ಲ. ಪಕ್ಕದ ನರ್ಸು ಮೆಚ್ಚಿಗೆಯಿಂದ ಅವನ ಮುಖ ನೋಡಿದ್ದು ಓರೆಗಣ್ಣಿಗೆ ಬಿದ್ದಿತ್ತು. ಅಷ್ಟೇ ಸಾಕಾಯಿತು, ಇಪ್ಪತ್ತು ನಿಮಿಷ ಆ ಹಾಸಿಗೆಯ ಕಡೆ ಸುಳಿಯಲಿಲ್ಲ. ಬಾಟಲಿ ತನ್ನ ಪಾಡಿಗೆ ಹನಿಯುತ್ತಿತ್ತು.

ಹೋದಾಗ ಬಡಗಿ ಏದುಸಿರು ಬಿಡುತ್ತಿದ್ದ. ಬೆನ್ನಿಗೆ ಸ್ಟೆತಸ್ಕೋಪ್ ಒತ್ತಿದರೆ ಎರಡೂ ಕಡೆ ಕೆಳಗೆ ಸಣ್ಣ ಚಿಟಪಟ ಸದ್ದು. ತಾವೇ ಯಂತ್ರ ಎಳೆದು ನೋಡಿದರು: ಹೃದಯದ ಎಡ ಕುಹರ ಹಿಗ್ಗಿ, ನಿತ್ರಾಣವಾಗಿ ಅಲುಗುತ್ತಿತ್ತು. ಸಲೈನ್ ನಿಲ್ಲಿಸಿ, ಸಾಲನ್ನು ಅಂಗೈಯಿಂದಲೇ ಉಜ್ಜಿ, ಹೃದಯಕ್ಕೆ ಹಿಂಡುವ ಬಲ ಕೊಡುವ ಔಷಧಿ ಬರೆದರು. ಮುಖಕ್ಕೆ ಆಕ್ಸಿಜನ್ ಒತ್ತಿ ಕೊಡುವ ಮಾಸ್ಕು ಬಿಗಿಸಿದರು. ಸಂಜೆಯವರೆಗೂ ಅಲ್ಲಿಂದ ಕದಲಲಿಲ್ಲ.

ಎಂಟನೇ ದಿನಕ್ಕೆ ಸೋಂಕು ತಗ್ಗಿ, ಹೃದಯವೂ ಬಹುಮಟ್ಟಿಗೆ ಚೇತರಿಸಿಕೊಂಡಿತ್ತು. ಬಡಗಿಯ ಹೆಂಡತಿ ನೇರವಾಗಿ ಇವರ ಬಳಿ ಬಂದಳು.

“ನೀವೇ ಉಳಿಸಿದ್ರಂತೆ, ಡಾಕ್ಟ್ರಮ್ಮ. ಆ ಚಿಕ್ಕ ಡಾಕ್ಟ್ರು ಹೇಳಿದ್ರು.”

ಆಚೆ ಅವನು ಇನ್ನಾರದೋ ಎದೆಗೆ ಜೆಲ್ ಸವರುತ್ತಿದ್ದ. ನಾಲ್ಕು ಜನರೆದುರು ಅವನು ತನ್ನನ್ನು ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ಈ ದೊಡ್ಡತನವೂ ಅವನ ಪಾಲಿಗೇ ಬಂತಲ್ಲ ಎಂದು ಹೊಟ್ಟೆ ಮತ್ತೆ ಉರಿಯಿತು.

“ಕಂಡುಹಿಡಿದದ್ದು ಅವರು,” ಎಂದರು ವೈದ್ಯೆ. “ನಾನು ತಡ ಮಾಡಿದೆ.”

ವೈದ್ಯೆ ಗೋಡೆಯ ಹತ್ತಿರ ಹೋಗಿ, ‘ಬರೆದವರೇ ಅಳಿಸಬೇಕು’ ಎಂಬ ತಮ್ಮದೇ ಕೈಬರಹದ ಚೀಟಿಯನ್ನು ಉಗುರಿನಿಂದ ಕಿತ್ತರು. ಅಂಟಿದ್ದ ಕಡೆ ಸುಣ್ಣವೂ ಒಂದಿಷ್ಟು ಎದ್ದು ಬಂತು. ಉರಿ ಮಾತ್ರ ಆರಿರಲಿಲ್ಲ.