ಮೀನಖಂಡದ ಮೇಲಿನ ನೀಲಿ ಗೆರೆ

ನಲವತ್ತು ವರ್ಷ ಊರವರ ಎದೆ, ಸೊಂಟ, ತೋಳುಗಳನ್ನೆಲ್ಲ ಅಳೆದಿದ್ದ ದರ್ಜಿಗೆ ಈಗ ತನ್ನ ಕಾಲನ್ನೇ ಅಳೆಸಿಕೊಳ್ಳುವ ಗತಿ ಬಂದಿತ್ತು. ಎಡ ಸೊಂಟದ ಕೀಲು ಬದಲಿಸಿದ್ದರು. ದಿನಾ ಬೆಳಿಗ್ಗೆ ವಾರ್ಡಿನ ನರ್ಸಮ್ಮ ಬಂದು, ಬಿಗಿಯಾದ ಬಿಳಿ ಕಾಲುಚೀಲಗಳನ್ನು ಕಳಚಿ, ಎರಡೂ ಮೀನಖಂಡಗಳ ಮೇಲೆ ಮೊದಲ ದಿನವೇ ಎಳೆದಿಟ್ಟ ನೀಲಿ ಗೆರೆಗೆ ಟೇಪು ಸುತ್ತಿ, ಅಂಕಿ ಬರೆದುಕೊಳ್ಳುತ್ತಿದ್ದಳು.

"ಟೇಪು ಹಿಡಿಯೋ ರೀತಿನಾ ಇದು? ನನ್ನ ಅಂಗಡೀಲಾಗಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ದೆ," ಎಂದು ದರ್ಜಿ ಮೂಗು ಮುರಿಯುತ್ತಿದ್ದ.

"ಕಳಿಸಿ ಅಜ್ಜಾ, ನನಗೂ ರಜ ಸಿಗುತ್ತೆ. ಅಲ್ಲೀವರೆಗೂ ಪಾದ ಮೇಲೆ ಕೆಳಗೆ ಆಡಿಸ್ತಾ ಇರಿ. ಸುಮ್ನೆ ಬಿದ್ಕೊಂಡಿರೋ ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಅದು ಕಿತ್ಕೊಂಡು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಕುತ್ತು."

ದರ್ಜಿ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಅವನ ತಲೆನೋವೇ ಬೇರೆ: ಆ ಕಾಲುಚೀಲ. ಅಬ್ಬಬ್ಬಾ, ಎಂಥ ಬಿಗಿ! ಬಿಗಿ ಬಟ್ಟೆ ಎಂದರೆ ಅವನ ಲೆಕ್ಕದಲ್ಲಿ ಯಾರೋ ಅಳತೆ ತಪ್ಪಿದ್ದಾರೆ ಎಂದೇ ಅರ್ಥ. ಎರಡನೆಯ ದಿನ ಹೆಂಡತಿಯಿಂದ ಸೂಜಿ ಡಬ್ಬಿ ತರಿಸಿ, ದಿಂಬಿಗೊರಗಿಕೊಂಡೇ ಎಡಗಾಲಿನ ಚೀಲವನ್ನು ಅವಳಿಂದಲೇ ಕಳಚಿಸಿ, ಅದರ ಹಿಂಬದಿ ಕತ್ತರಿಸಿ, ಬೆರಳಗಲದ ಪಟ್ಟಿ ಕೂಡಿಸಿಬಿಟ್ಟ. ಹೊಲಿಗೆ ಎಂಥದ್ದು ಅಂತೀರಿ! ದಿನಾ ತೊಡಿಸುವ ನರ್ಸಮ್ಮನ ಕಣ್ಣಿಗೂ ಬೀಳಲಿಲ್ಲ. ಅವನು ಒಳಗೊಳಗೇ ಬೀಗಿದ.

ಐದನೆಯ ಬೆಳಿಗ್ಗೆ ಟೇಪು ಸುತ್ತಿದ ನರ್ಸಮ್ಮ ಅಂಕಿಯನ್ನು ಬಗ್ಗಿ ನೋಡಿದಳು. ಮತ್ತೊಮ್ಮೆ ಸುತ್ತಿದಳು. ಬಲಗಾಲು ಮೂವತ್ತೆರಡು ಸೆಂಟಿಮೀಟರ್. ನಿನ್ನೆ ಮೂವತ್ತೆರಡೂವರೆ ಇದ್ದ ಎಡಗಾಲು ಇಂದು ಮೂವತ್ತೈದೂವರೆ.

"ಸ್ವಲ್ಪ ನರ ಹಿಡ್ಕೊಂಡಿರ್ಬೇಕು, ಒತ್ತಿದ್ರೆ ಹೋಗುತ್ತೆ," ಎನ್ನುತ್ತ ಹೆಂಡತಿ ಕಾಲಿಗೆ ಕೈ ಹಾಕಿದಳು.

"ಕೈ ತೆಗೀರಿ ಅಮ್ಮಾ! ಒತ್ಬೇಡಿ!"

ನರ್ಸಮ್ಮನ ಕೂಗಿಗೆ ಇಡೀ ವಾರ್ಡು ತಿರುಗಿ ನೋಡಿತು. ಡಾಕ್ಟರು ಓಡಿ ಬಂದರು. ಸ್ಕ್ಯಾನಿನಲ್ಲಿ ಹೆಪ್ಪು ಕಂಡಿತು. ಇನ್ನೂ ಮೇಲಕ್ಕೆ ಹತ್ತಿರಲಿಲ್ಲ. "ಒಳ್ಳೇ ಹೊತ್ತಿಗೆ ಸಿಕ್ತು," ಎಂದ ಡಾಕ್ಟರು ರಕ್ತ ಹೆಪ್ಪುಗಟ್ಟದಂತೆ ಕೊಡುತ್ತಿದ್ದ ಇಂಜೆಕ್ಷನ್ ಹೆಚ್ಚಿಸಿದರು.

ಎಲ್ಲರೂ ಹೋದ ಮೇಲೆ ದರ್ಜಿ ತಲೆ ತಗ್ಗಿಸಿ ಚೀಲ ಮುಂದೆ ಹಿಡಿದ. "ಇದನ್ನ ನಾನೇ ಸಡಿಲ ಮಾಡ್ದೆ ಮಗಳೇ."

ನರ್ಸಮ್ಮ ಅದನ್ನು ಒಳಮೈ ಹೊರಗೆ ಮಾಡಿ, ಉಗುರಿನಿಂದ ಹೊಲಿಗೆ ಹುಡುಕಿದಳು. "ಇದೊಂದರಿಂದ್ಲೇ ಆಯ್ತು ಅಂತ ಹೇಳೋಕಾಗಲ್ಲ. ಆದ್ರೆ ಅಜ್ಜಾ, ಆ ಬಿಗಿ ಬೇಕು ಅಂತ್ಲೇ ಕೊಟ್ಟಿದ್ದು. ರಕ್ತ ಕಾಲಲ್ಲೇ ನಿಲ್ದೆ ಮೇಲಕ್ಕೆ ಹೋಗ್ಲಿ ಅಂತ." ಅಷ್ಟೇ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ.

ಅವನು ಮಂಚದ ಮೇಲಿದ್ದ ಟೇಪನ್ನೇ ನೋಡುತ್ತ ಕುಳಿತ. ಮೂರು ಸೆಂಟಿಮೀಟರ್! ಅಂಗಡಿಯಲ್ಲಿ ಅಂಚಿಗೆಂದು ಒಳಗೆ ಮಡಚಿಬಿಡುವಷ್ಟು ಬಟ್ಟೆ. ಅಷ್ಟರ ಮೇಲೆ ಅವನ ಜೀವ ನಿಂತಿತ್ತು. ಇಪ್ಪತ್ತು ಮಂಚಗಳನ್ನು ನೋಡಿಕೊಳ್ಳುವ ಈ ಹುಡುಗಿ, ಏನೂ ಸಿಗದ ನಾಲ್ಕು ಬೆಳಿಗ್ಗೆಯೂ ಅದೇ ಗೆರೆಗೆ, ಅದೇ ಹೊತ್ತಿಗೆ, ಅವನ ಗೇಲಿ ಕೇಳಿಕೊಂಡೇ ಟೇಪು ಸುತ್ತಿದ್ದಳಲ್ಲ!

ಮನೆಗೆ ಹೊರಡುವ ಬೆಳಿಗ್ಗೆ ಅವಳು ಕೊನೆಯ ಬಾರಿ ಸುತ್ತಿದಳು. "ಮೂವತ್ತಮೂರು. ಇಳೀತಾ ಇದೆ. ಏನಜ್ಜಾ, ಇವತ್ತಾದ್ರೂ ಟೇಪು ಸರಿಯಾಗಿ ಹಿಡಿದಿದೀನಾ?"

ನಲವತ್ತು ವರ್ಷದಲ್ಲಿ ಯಾರಿಗೂ ಹೇಳಿರದ ಮಾತು ದರ್ಜಿಯ ಬಾಯಿಂದ ಹೊರಬಂತು.

"ನಿನ್ ಹಾಗೆ ಹಿಡಿಯೋಕೆ ನನಗೆ ಬರಲ್ಲ ತಾಯೀ."